ಐಬಿಲ್ಲದ ಕುದುರೆ

ಪಿಕಪ್ಪಿನ ಹಿಂದೆ ಕುದುರೆಯ ಜೊತೆಗೇ ನಿಂತು ಬರುತ್ತೇನೆ ಎಂದು ನಂದಿನಿ ಹೇಳಿದಾಗ ಡ್ರೈವರ್ ಬಂದೇಸಾಬ ಅವಳ ಮುಖವನ್ನೊಮ್ಮೆ ನೋಡಿ ಗಾಡಿ ಚಾಲೂ ಮಾಡಿದ. ಮುಂದೆ ಕೂತರೆ ಹಿಂದೆ ಏನಾಗುತ್ತಿದೆಯೋ ಎಂದು ಕತ್ತು ತಿರುಗಿಸಿ ತಿರುಗಿಸಿ ಲಿಂಗಸೂಗೂರು ಮುಟ್ಟುವುದರೊಳಗೆ ಕತ್ತೇ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಿಂಧನೂರಿನ ಅಕ್ಕಿ ಮಿಲ್ಲುಗಳು ಒಂದೊಂದಾಗಿ ಹಿಂದೆ ಸರಿದವು, ಸುಟ್ಟ ಭತ್ತದ ಹೊಟ್ಟಿನ ವಾಸನೆ ಕಮ್ಮಿಯಾಯಿತು, ರಸ್ತೆಯ ಎರಡೂ ಕಡೆ ಗದ್ದೆ ಶುರುವಾಯಿತು. ಗದ್ದೆ ಕಂಡು ಗೋದಿ ಕಿವಿ ನಿಮಿರಿಸಿತು. ಗೋದಿ ಎಂದರೆ ಆ ಹೆಣ್ಣು ಕುದುರೆ. ಮೈಬಣ್ಣ ಗೋದಿಯದು, ಹೆಸರೂ ಅದೇ. ನಂದಿನಿ ಅದರ ಕತ್ತಿನ ಮೇಲೆ ಕೈಯಿಟ್ಟಳು. ಆಕಳಿನ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ ಅಡ್ಡ ಸಿಕ್ಕಿದ ಕರುವನ್ನು ತಿರುಗಿಸುವಾಗ ನಡುಗದ ಕೈ ಅದು. ತುರ್ವಿಹಾಳದ ಪಶು ಆಸ್ಪತ್ರೆಯ ಡಾಕ್ಟರ ಕೈ. ಇವತ್ತು ಬೆವರುತ್ತಿತ್ತು. ಕುದುರೆಗೆ ಬೆವರಿನ ವಾಸನೆ ತಿಳಿಯುತ್ತದೆ, ತಿಳಿದರೆ ಅದೂ ಹೆದರುತ್ತದೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಕೈ ತೆಗೆದರೆ ಯಾಕೆ ತೆಗೆದಳೋ ಎಂದುಕೊಂಡೀತು ಅನ್ನಿಸಿ ಮತ್ತೆ ಇಟ್ಟಳು. ಹೀಗೆ ನಸುಕಿನಿಂದ ನಡೆದಿತ್ತು.

ನಿನ್ನೆ ಸಂಜೆ ಕುದುರೆಯ ಯಜಮಾನ ಅಮರಗುಂಡಪ್ಪ ತನ್ನ ಅಂಗಳದಲ್ಲಿ ನಿಂತು, ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಹೇಳಿದ್ದು ಬಹಳ ಸರಳವಾಗಿತ್ತು. ಮೂರು ವರ್ಷದಿಂದ ಕುದುರೆ ತಿನ್ನುತ್ತಿದೆ, ನಿಲ್ಲುತ್ತಿದೆ, ಲದ್ದಿ ಹಾಕುತ್ತಿದೆ. ನಾಳೆ ಲಿಂಗಸೂಗೂರಿನ ಸ್ಪರ್ಧೆಯಲ್ಲಿ ಏನಾದರೂ ಹೆಸರು ತಂದರೆ ಇಲ್ಲೇ ಇರಲಿ. ಇಲ್ಲವಾದರೆ ಹಾಜಿಸಾಬ ಯಾವತ್ತಿನಿಂದಲೋ ಕೇಳುತ್ತಿದ್ದಾನೆ, ಅವನಿಗೆ ಕೊಟ್ಟುಬಿಡುವುದು. ಅವನು ಗದರಿಸಿ ಹೇಳಲಿಲ್ಲ, ಮಳೆ ಬರಬಹುದು ಅನ್ನುವಷ್ಟು ಸಹಜವಾಗಿ ಹೇಳಿದ. ಹಾಜಿಸಾಬ ಸಿಂಧನೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನು. ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬಯ್ದುಕೊಳ್ಳಬಹುದಿತ್ತು. ತನ್ನ ಕುದುರೆಗಳಿಗೆ ಹೊಟ್ಟೆ ತುಂಬ ಹುರುಳಿ ಹಾಕುತ್ತಾನೆ, ಜ್ವರ ಬಂದರೆ ಅವಳಿಗೆ ಫೋನ್ ಮಾಡಿ ಅಳುದನಿಯಲ್ಲಿ ಮಾತಾಡುತ್ತಾನೆ. ಆದರೆ ಆ ಕುದುರೆಗಳ ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿದವಳು ಅವಳೇ. ಡಿಜೆ ಪೆಟ್ಟಿಗೆಯ ಪಕ್ಕ ನಿಂತು ನಿಂತು ಅವು ಒಂಥರಾ ಆಗಿಬಿಡುತ್ತವೆ. ಕಿವಿಗೆ ಹತ್ತಿ ತುರುಕಿ, ಕಣ್ಣಿಗೆ ಜರಿಯ ಪಟ್ಟಿ ಕಟ್ಟಿ, ಪಟಾಕಿಯ ನಡುವೆ ನಿಲ್ಲಿಸಿದರೂ ಅಲುಗುವುದಿಲ್ಲ. ಶಾಂತ ಸ್ವಭಾವ ಎಂದು ಜನ ಮೆಚ್ಚುತ್ತಾರೆ. ಅದು ಶಾಂತಿಯಲ್ಲ, ಆಸೆ ಬಿಟ್ಟದ್ದು ಎಂದು ನಂದಿನಿಗೆ ಪ್ರತಿಸಲ ಅನ್ನಿಸುತ್ತದೆ. ಗೋದಿ ಹಾಗೆ ನಿಂತಿರುವುದನ್ನು ಒಂದು ಸಲ ಕಲ್ಪಿಸಿಕೊಂಡಳು, ಎರಡನೆಯ ಸಲ ಕಲ್ಪಿಸಿಕೊಳ್ಳಲು ಧೈರ್ಯವಾಗಲಿಲ್ಲ.

ಕುದುರೆ ತನ್ನದಲ್ಲ. ಇದನ್ನು ಅವಳು ದಿನಕ್ಕೊಮ್ಮೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೊಟ್ಟೆಶೂಲೆ ಎಂದು ಕರೆಸಿದಾಗ ಮೊದಲು ಕಂಡದ್ದು. ಸಂಜೆಯಿಡೀ ಅಂಗಳದಲ್ಲಿ ಹಗ್ಗ ಹಿಡಿದು ನಡೆಸಿದ್ದಳು, ಮಲಗಗೊಡದೆ. ಕೊನೆಗೆ ಅದು ಲದ್ದಿ ಹಾಕಿದಾಗ ಅಳು ಬಂದಿತ್ತು, ಯಾರೂ ನೋಡಬಾರದೆಂದು ಕುದುರೆಯ ಹೊಟ್ಟೆಗೇ ಮುಖ ಹಚ್ಚಿದ್ದಳು. ಕಾಲೇಜಿನಲ್ಲಿ ಎನ್‌ಸಿಸಿಯ ಕುದುರೆಗಳ ಮೇಲೆ ಸವಾರಿ ಕಲಿತಿದ್ದೇನೆ ಎಂದು ಬಾಯಿತಪ್ಪಿ ಅಂದದ್ದೇ ಅಮರಗುಂಡಪ್ಪನಿಗೆ ಖುಷಿಯಾಗಿ, ಹಾಗಾದರೆ ಡಾಕ್ಟರು ದಿನಾ ಬಂದು ಹತ್ತಲಿ ಅಂದುಬಿಟ್ಟ. ದಿನಾ ನಸುಕಿಗೆ ಹೋಗಿ ಹತ್ತಿದಳು. ಕಾಲುವೆಯ ದಂಡೆಯ ಮೇಲೆ ಗೋದಿಯ ಬೆನ್ನ ಮೇಲೆ ಕೂತಿರುವಾಗ, ಯಾರು ತನ್ನನ್ನು ಹೇಗೆ ನೋಡುತ್ತಿದ್ದಾರೆ ಎಂಬ ಲೆಕ್ಕ ತಲೆಯಲ್ಲಿ ನಿಂತುಹೋಗುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ನಿಲ್ಲುತ್ತಿರಲಿಲ್ಲ. ಅಮರಗುಂಡಪ್ಪನ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಬರುತ್ತದೆ, ಅವಳಿಗೆ ಕಾಗದದ ಕಪ್ಪಿನಲ್ಲಿ. ಕೊರೊನಾ ಬಂದಾಗಿನಿಂದ ಹೀಗೇ ರೂಢಿಯಾಗಿದೆ ಎಂದು ಆ ಮನೆಯ ಹೆಣ್ಣುಮಗಳು ನಗುನಗುತ್ತ ಹೇಳಿದ್ದಳು. ನಂದಿನಿಯೂ ನಗುತ್ತ, ಅದೇ ಒಳ್ಳೆಯದು, ತೊಳೆಯುವ ಕೆಲಸ ಉಳಿಯಿತು ಅಂದಿದ್ದಳು. ಹಾಗೆ ಅಂದದ್ದಕ್ಕೆ ಮನೆಗೆ ಹೋಗಿ ತನ್ನನ್ನೇ ಬಯ್ದುಕೊಂಡಿದ್ದಳು. ಅವಳ ಅಜ್ಜಿ ಇದೇ ತುರ್ವಿಹಾಳದಲ್ಲಿ, ಇದೇ ಮನೆಯವರ ಗದ್ದೆಗಳಲ್ಲಿ ಸಸಿ ಹಚ್ಚಿದವಳು. ಅಪ್ಪ ಅಂಬಪ್ಪ ಊರು ಬಿಟ್ಟು ಹಟ್ಟಿಯ ಚಿನ್ನದ ಗಣಿ ಸೇರಿ, ಭೂಮಿಯ ಒಳಗೆ ಪಾಳಿ ಮಾಡಿ ಅವಳನ್ನು ಡಾಕ್ಟರು ಮಾಡಿದ. ಪೋಸ್ಟಿಂಗ್ ಬರುವಾಗ ನೋಡಿ ನೋಡಿ ಇದೇ ಊರಿಗೆ ಬಂತು.

ಮಸ್ಕಿ ಹತ್ತಿರವಾಗುತ್ತ ಗದ್ದೆ ಮುಗಿದು ಗುಡ್ಡದ ಬಂಡೆಗಳು ಕಾಣತೊಡಗಿದವು. ಚಹಾಕ್ಕೆ ಗಾಡಿ ನಿಂತಿತು. ಹಿಂದಿನಿಂದ ಬಂದ ಅಮರಗುಂಡಪ್ಪನ ಕಾರೂ ನಿಂತಿತು. ಸ್ಟಿಯರಿಂಗ್ ಹಿಡಿದವನು ಅವನ ಅಣ್ಣನ ಮಗ ಚನ್ನವೀರ. ಹಿಂದಿನ ಬಾಗಿಲು ತೆರೆದುಕೊಂಡು ಬಿಳಿ ಟೊಪ್ಪಿಗೆಯ ಹಾಜಿಸಾಬ ಇಳಿದ. ಸೋತರೆ ಕೊಡುತ್ತೇನೆ ಎಂದವನು, ಸೋಲುವ ಮೊದಲೇ ಕೊಳ್ಳುವವನನ್ನು ಕಾರಿನಲ್ಲಿ ಕೂಡಿಸಿಕೊಂಡು ಬಂದಿದ್ದಾನೆ. ಹಾಜಿಸಾಬ ಸಲಾಂ ಮಾಡಿ, ಸುಮ್ಮನೆ ತಮಾಷೆ ನೋಡಲು ಬಂದೆ ಅಂದ. ಹೋಟೆಲಿನವನು ಎಲ್ಲರಿಗೂ ಕಾಗದದ ಕಪ್ಪಿನಲ್ಲೇ ಚಹಾ ಕೊಟ್ಟ, ಅಮರಗುಂಡಪ್ಪನಿಗೂ. ಅಷ್ಟಕ್ಕೇ ಅವಳಿಗೆ ಒಂದು ಗಳಿಗೆ ಹಾಯೆನಿಸಿತು, ಅಷ್ಟಕ್ಕೇ ಹಾಯೆನಿಸಿತಲ್ಲ ಎಂದು ಮರುಗಳಿಗೆ ನಾಚಿಕೆಯಾಯಿತು. ಚನ್ನವೀರ ಅವಳ ಕಡೆ ನೋಡಲಿಲ್ಲ. ನೋಡದಿದ್ದದ್ದು ಒಳ್ಳೆಯದಾಯಿತು. ಹೋದ ವರ್ಷ ಅವನ ಗದ್ದೆಯಲ್ಲಿ ನಾಟಿಯಾದ ವಾರದಲ್ಲಿ ಗೋದಿ ಟ್ರ್ಯಾಕ್ಟರಿಗೆ ಬೆದರಿ ಬದುವಿನಿಂದ ಇಳಿದು, ಅವಳು ಲಗಾಮು ಜಗ್ಗಿದಷ್ಟೂ ಮುಂದೆ ಮುಂದೆ ಹೋಗಿ ಸಸಿಗಳನ್ನೆಲ್ಲ ಕೆಸರಿಗೆ ತುಳಿದಿತ್ತು. ಚನ್ನವೀರ ಓಡಿ ಬಂದಿದ್ದ. ಕುದುರೆ ಚಿಕ್ಕಪ್ಪನದು, ಅದಕ್ಕೆ ಏನೂ ಅನ್ನುವಂತಿರಲಿಲ್ಲ. ಬದುವಿನ ಮೇಲೆ ನಿಂತು, ಸುತ್ತಲಿನ ಕೂಲಿ ಹೆಂಗಸರೆಲ್ಲ ಬಗ್ಗಿದ ಸೊಂಟ ನೆಟ್ಟಗೆ ಮಾಡಿ ನೋಡುತ್ತಿರುವಾಗ, ಮೆಲ್ಲಗೆ ಅಂದಿದ್ದ:

“ಗದ್ದಿ ಹಚ್ಚಿದವರ ಮೊಮ್ಮಗಳು ಗದ್ದಿ ತುಳಸಾಕತ್ತಾಳ. ಕಾಲ ಬದಲಾಗೇತಿ, ಏನ್ಮಾಡಾದು.”

ಆಗ ಅವಳು ತಪ್ಪಾಯಿತು ಅಂದಳು. ಎರಡು ಸಲ ಅಂದಳು. ಮರುದಿನದಿಂದ, ಗೋದಿಯನ್ನು ಬದುವಿನ ಅಂಚಿನಲ್ಲಿ ನಡೆಸುವಾಗ ಕೈಯಲ್ಲಿ ಬೇವಿನ ತೆಳ್ಳನೆಯ ಬರಲು ಹಿಡಿದುಕೊಂಡಳು. ಗೊರಸು ಹಸಿರಿನ ಕಡೆ ಹೊರಳಿದಾಗಲೆಲ್ಲ ಮುಂಗಾಲಿಗೆ ಒಂದು ಏಟು. ಜೋರಾಗಿ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಆದರೆ ಕೆಲವು ದಿನ ಜೋರಾಗಿಯೇ ಬಿದ್ದಿತ್ತು, ಚನ್ನವೀರನಿಗೆ ಬೀಳಬೇಕಾದಷ್ಟು ಜೋರಾಗಿ. ಗೋದಿ ಬೇಗ ಕಲಿಯಿತು. ಹಸಿವಾದಾಗ ಬದುವಿನ ಮೇಲೆ ಬಿಟ್ಟರೂ ಗದ್ದೆಗೆ ಕಾಲಿಡುವುದಿಲ್ಲ, ನೋಡಿ ಬೇಕಾದರೆ ಎಂದು ಅಮರಗುಂಡಪ್ಪ ಬಂದವರಿಗೆಲ್ಲ ಕರೆದು ತೋರಿಸಿದ. ಜನ ಮೂಗಿನ ಮೇಲೆ ಬೆರಳಿಟ್ಟರು. ಅವಳಿಗೂ ಹೆಮ್ಮೆಯಾಗಿತ್ತು. ಇನ್ನು ಯಾರೂ ತನಗೆ ಏನೂ ಅನ್ನುವಂತಿಲ್ಲ. ಜಿಗಿತ ಕಲಿಸಿದ್ದೆಲ್ಲ ಅಮರಗುಂಡಪ್ಪನ ಅಕ್ಕಿ ಮಿಲ್ಲಿನ ಸಿಮೆಂಟಿನ ಕಣದಲ್ಲಿ, ಅಕ್ಕಿ ಚೀಲಗಳ ಮೇಲೆ ಬಿದಿರು ಇಟ್ಟು. ಎಷ್ಟು ಚೆನ್ನಾಗಿ ಜಿಗಿಯುತ್ತಿತ್ತು ಅದು; ಮಿಲ್ಲಿನ ಹಮಾಲರು ಚೀಲ ಇಳಿಸಿ ನಿಂತು ನೋಡುತ್ತಿದ್ದರು.

ಲಿಂಗಸೂಗೂರಿನ ಹೊರಗೆ, ಎರೆಭೂಮಿಯ ನಡುವೆ ಒಂದು ಬಯಲನ್ನು ಹಸನು ಮಾಡಿ ಸ್ಪರ್ಧೆ ಇಟ್ಟಿದ್ದರು. ಬಳ್ಳಾರಿ ಕಡೆಯ ಸವಾರಿ ಕ್ಲಬ್ಬಿನವರದು ಏರ್ಪಾಡು. ಒಂದೇ ಕುದುರೆ, ಒಂದೇ ಸವಾರ, ಮೂರು ಪರೀಕ್ಷೆ: ಮೊದಲು ಕಟ್ಟಿದ ಅಂಗಣದೊಳಗೆ ಹೇಳಿದಂತೆ ನಡೆದು, ಓಡಿ, ನಿಂತು ತೋರಿಸಬೇಕು, ಆಮೇಲೆ ಬಯಲಿನಲ್ಲಿ ಮಣ್ಣಿನ ದಿಬ್ಬ, ಕಟ್ಟಿಗೆಯ ತಡೆಗಳನ್ನು ದಾಟಿ ಓಟ, ಕೊನೆಗೆ ಬೇಲಿ ಜಿಗಿತ. ಎಲ್ಲಾದರೂ ಒಂದೇ ಜಾಗದಲ್ಲಿ ಕುದುರೆ ಮೂರು ಸಲ ನಿರಾಕರಿಸಿದರೆ ಹೊರಗೆ. ಸವಾರ ಇಳಿದರೂ ಹೊರಗೆ. ನಂದಿನಿಗೆ ಎಲ್ಲಾ ನಿಯಮ ಬಾಯಿಪಾಠವಾಗಿತ್ತು. ದಿಬ್ಬ ನೋಡಿದಳು, ಸುಲಭವಿತ್ತು. ಬೇಲಿ ನೋಡಿದಳು, ಗೋದಿ ನಿದ್ದೆಗಣ್ಣಲ್ಲಿ ಜಿಗಿಯುವಷ್ಟು ಎತ್ತರ. ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸಲೀಸಾಗಿ ಬಂತು. ಆಮೇಲೆ ಅಂಗಣದ ಬಾಗಿಲು ನೋಡಿದಳು. ಒಳಗೆ ಹೋಗಲು ಇದ್ದದ್ದು ಅದೊಂದೇ ದಾರಿ, ಅಲ್ಲಿ ಶಾಮಿಯಾನದವನು ಮುಖ್ಯ ಅತಿಥಿಗಳು ನಡೆದು ಬರಲೆಂದು ಕಾರ್ಪೆಟ್ ಹಾಸಿದ್ದ. ಈ ಕಡೆ ಎಲ್ಲ ಮದುವೆಗಳಲ್ಲೂ ಹಾಸುವಂಥದೇ, ಮೇಲೆ ಹುಲ್ಲಿನ ಹಾಗೆ ನೂಲು ಎದ್ದಿರುವ ಹಸಿರು ಕಾರ್ಪೆಟ್. ಹೊಸದು. ನಾಟಿಯಾದ ವಾರದ ಗದ್ದೆಯ ಹಸಿರೇ ಅದು. ಸುತ್ತ ಕರಿಮಣ್ಣು, ನಡುವೆ ಅದೊಂದು ಪಟ್ಟೆ. ಅವಳ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. ತಿರುಗಿ ನೋಡಿದರೆ ಗೋದಿ ಅವಳಿಗಿಂತ ಮೊದಲೇ ಅದನ್ನು ನೋಡಿ ನಿಂತಿತ್ತು. ವರ್ಷವಿಡೀ ತಾನು ಕಲಿಸಿದ್ದು ಏನು ಎಂದು ಅವಳಿಗೆ ಆಗ ಹೊಳೆಯಿತು. ತುರ್ವಿಹಾಳದ ಆಚೆ ಹಸಿರೆಲ್ಲ ಚನ್ನವೀರನ ಗದ್ದೆಯಲ್ಲ ಎಂಬುದನ್ನು ಕುದುರೆಗೆ ಹೇಳಿಕೊಡುವುದು ಮರೆತುಹೋಗಿತ್ತು. ತನಗೂ ಹೊಳೆದಿರಲಿಲ್ಲ.

ಕಾರ್ಪೆಟ್ ತೆಗೆಸಿ ಎಂದು ಹೋಗಿ ಕೇಳಬೇಕು. ಕೇಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಎರಡು ಕುದುರೆಗಳು ಒಳಗೆ ಹೋಗಿ ಬಂದವು. ಕ್ಲಬ್ಬಿನ ಬ್ಯಾಡ್ಜ್ ಹಾಕಿದವನ ಹತ್ತಿರ ಎರಡು ಸಲ ಹೋಗಿ, ಅವನು ಫೋನಿನಲ್ಲಿದ್ದಾನೆಂದು ವಾಪಸು ಬಂದಳು. ಮೂರನೆಯ ಸಲ ಕೇಳಿದಾಗ ದನಿ ಬೇಡುವವರ ದನಿಯಾಗಿತ್ತು. ಅವನು ನಕ್ಕ. ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ, ಮೊಳೆ ಹೊಡೆದಿದೆ, ಒಂದು ಕಾರ್ಪೆಟ್ ದಾಟದ ಕುದುರೆ ಬೇಲಿ ಹೇಗೆ ದಾಟುತ್ತದೆ ಮೇಡಂ ಅಂದ. ಪಕ್ಕದಲ್ಲಿದ್ದವರೂ ನಕ್ಕರು. ಅವಳೂ ನಕ್ಕಳು. ಎಲ್ಲರೂ ನಗುವಾಗ ತಾನೂ ನಕ್ಕುಬಿಡುವ ಈ ಚಟ ಯಾವಾಗ ಬಿಡುತ್ತದೋ.

ಮೈಕಿನಲ್ಲಿ ಅವಳ ಹೆಸರು ಕರೆದರು. ತುರ್ವಿಹಾಳದ ಅಮರಗುಂಡಪ್ಪನವರ ಕುದುರೆ ಗೋದಿ ಎಂದೂ ಕರೆದರು. ಜೀನಿನ ಮೇಲೆ ಕೂತು, ರಿಕಾಬಿಗೆ ಕಾಲು ಸಿಕ್ಕಿಸಿ ಲಗಾಮು ಹಿಡಿದಳು. ಸಾಲು ಕುರ್ಚಿಗಳ ಮುಂದಿನ ಸಾಲಿನಲ್ಲಿ ಅಮರಗುಂಡಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಮಗ್ಗುಲಿಗೆ ಹಾಜಿಸಾಬ, ಹಿಂದೆ ಚನ್ನವೀರ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ. ಗೋದಿ ಚೆಂದ ನಡೆದು ಬಂತು. ಬಾಗಿಲಿಗೆ ಬಂದು ಹಸಿರಿನ ಅಂಚಿಗೆ ಗೊರಸು ತಾಗದಂತೆ ನಿಂತುಬಿಟ್ಟಿತು. ಹಠವಲ್ಲ, ಸೊಕ್ಕಲ್ಲ. ಒಳ್ಳೆಯ ವಿದ್ಯಾರ್ಥಿಯ ಹಾಗೆ ನಿಂತಿತು, ಕಿವಿಯನ್ನು ಹಿಂದೆ ಅವಳ ಕಡೆಗೆ ತಿರುಗಿಸಿ. ಹಿಮ್ಮಡಿ ಒತ್ತಿದಳು, ಅಲುಗಲಿಲ್ಲ. ಒಂದು, ಎಂದು ಮೈಕು ಹೇಳಿತು. ಸುತ್ತು ಹಾಕಿಸಿ ಮತ್ತೆ ತಂದಳು, ಈ ಸಲ ಓಟದ ಬಿರುಸಿನಲ್ಲಿ. ಗೋದಿ ಅಷ್ಟೇ ಬಿರುಸಿನಲ್ಲಿ ನಿಂತದ್ದಕ್ಕೆ ಅವಳು ಅದರ ಕತ್ತಿನ ಮೇಲೆ ಮುಗ್ಗರಿಸಿದಳು. ಎರಡು. ಕುರ್ಚಿಗಳ ಕಡೆಯಿಂದ ನಗು ಬಂತು. ಯಾರೋ ಹೊಡೀರಿ, ಹೊಡೀರಿ ಎಂದು ಕೂಗಿದರು. ಕೈಯಲ್ಲಿ ಚಾಟಿ ಇತ್ತು. ಹೊಡೆದರೆ ಹೋಗುತ್ತದೆ. ಇದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು, ಪಕ್ಕೆಗೆ ಸುಡುವ ಹಾಗೆ ಎರಡು ಬಿಟ್ಟರೆ ನೋವಿಗೆ ಹಾರಿಬಿಡುತ್ತದೆ, ಒಳಗೆ ಹೋದರೆ ಆಮೇಲೆ ಕರಿಮಣ್ಣು, ದಿಬ್ಬ, ಬೇಲಿ, ಎಲ್ಲ ಅದರದೇ. ಗೋದಿ ಅಮರಗುಂಡಪ್ಪನ ಅಂಗಳದಲ್ಲೇ ಉಳಿಯುತ್ತದೆ. ಹಸಿರಿಗೆ ಕಾಲಿಟ್ಟರೆ ಹೊಡೆತ ಎಂದು ಕಲಿಸಿದ ಕೈಯಿಂದಲೇ, ಹಸಿರಿಗೆ ಕಾಲಿಡದಿದ್ದರೂ ಹೊಡೆತ. ಚಾಟಿ ಎತ್ತಿದಳು. ಗೋದಿಯ ಚರ್ಮ, ಇನ್ನೂ ಏನೂ ತಾಗದೆಯೇ, ಭುಜದಿಂದ ಹೊಟ್ಟೆಯ ತನಕ ಸಣ್ಣಗೆ ಅದುರಿತು. ಏಟು ಎಲ್ಲಿ ಬೀಳುತ್ತದೆ ಎಂದು ಕಾಯುತ್ತಿತ್ತು ಅದು. ಓಡಿಹೋಗುವ ಯೋಚನೆಯನ್ನೇ ಮಾಡದೆ.

ನಂದಿನಿ ಇಳಿದಳು. ಇಳಿಯಬೇಕು ಎಂದು ತೀರ್ಮಾನಿಸಿದ ನೆನಪು ಅವಳಿಗಿಲ್ಲ. ಕಾಲು ನೆಲ ಮುಟ್ಟಿದಾಗ ಮೈಕು ಹೊರಗೆ ಎಂದು ಹೇಳುತ್ತಿತ್ತು. ಮುಗಿಯಿತು. ಚಾಟಿಯನ್ನು ಬೇಲಿಗೆ ಸಿಕ್ಕಿಸಿ, ಲಗಾಮು ಸಡಿಲ ಬಿಟ್ಟು, ತಾನೇ ಕಾರ್ಪೆಟ್ಟಿನ ಮೇಲೆ ಹೋಗಿ ನಿಂತಳು. ಬೂಟುಗಾಲಿನಿಂದ ಅದನ್ನು ತುಳಿದಳು, ತಿಕ್ಕಿದಳು, ಏನೂ ಆಗುವುದಿಲ್ಲ ನೋಡು ಅಂದಳು, ತಪ್ಪಾಯಿತು ಅಂದಳು, ಬಾಯಿಗೆ ಬಂದದ್ದೆಲ್ಲ ಮೆಲ್ಲಗೆ ಹೇಳಿದಳು. ಗೋದಿ ಮೂಗು ಬಗ್ಗಿಸಿ ಹಸಿರನ್ನು ಮೂಸಿತು. ಬಹಳ ಹೊತ್ತು ಮೂಸಿತು. ಜನರ ಗಲಾಟೆ, ಮೈಕಿನ ಕಿರುಗುಟ್ಟುವಿಕೆ, ಆಚೆ ಬ್ಯಾಂಡಿನವರು ಅತಿಥಿಗಳು ಬಂದರೆಂದು ಡೋಲು ಶುರುಮಾಡಿದ್ದು ಎಲ್ಲದರ ನಡುವೆ ಒಂದು ಗೊರಸು ಎತ್ತಿ ಇಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ ಇನ್ನೊಂದು. ಆಮೇಲೆ ಅವಳ ಹೆಗಲಿಗೆ ಮೂತಿ ತಾಗಿಸಿಕೊಂಡು, ಡೋಲಿನ ಮಗ್ಗುಲಲ್ಲೇ, ಹಸಿರಿನ ಆ ತುದಿಯ ತನಕ ನಡೆದು ಬಂತು. ಕುರ್ಚಿಯವರು ತಮಾಷೆಗೆ ಚಪ್ಪಾಳೆ ಹೊಡೆದರು. ನಂದಿನಿ ನಗಲಿಲ್ಲ. ಸೋತದ್ದು ಗೊತ್ತಿತ್ತು, ಕುದುರೆ ಕೈಬಿಟ್ಟುಹೋಗುವುದೂ ಗೊತ್ತಿತ್ತು, ಆದರೂ ಎದೆ ಹಗುರಾಗಿ, ಯಾವತ್ತೂ ಇಲ್ಲದಷ್ಟು ನೆಟ್ಟಗೆ ನಿಂತಿದ್ದಳು.

ಹೊರಗೆ ಬೇವಿನ ನೆರಳಿಗೆ ಬಂದು ಜೀನು ಬಿಚ್ಚುತ್ತಿದ್ದಾಗ ಮೂವರೂ ಬಂದರು. ಅಮರಗುಂಡಪ್ಪನ ಮುಖ ಕಪ್ಪಿಟ್ಟಿತ್ತು. ಬಯ್ಯುತ್ತಾನೆ ಎಂದುಕೊಂಡಳು, ಬಯ್ಯಲಿಲ್ಲ, ಮಾತಾಡಿದವನು ಹಾಜಿಸಾಬ. ಖುಷಿ ಮುಚ್ಚಿಡಲಾಗದವನ ಹಾಗೆ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದ.

“ಖರೇ ಹೇಳತೀನಿ ಡಾಕ್ಟರಮ್ಮ, ಎರಡನೇ ಸಲ ನಿಂತಾಗ ನಾ ಬ್ಯಾಡಂತ ಎದ್ದಿದ್ದೆ. ಕಾರ್ಪೆಟ್ ಕಂಡು ನಿಲ್ಲೋ ಕುದುರಿ ಮ್ಯಾಲ ಮದಿಮಗನ್ನ ಕುಂದ್ರಸಾಕ ಆಗತೈತೇನ್ರಿ? ಎಲ್ಲಾ ಮದುವಿ ಹಾಲಿನ್ಯಾಗೂ ಇದಾ ಕಾರ್ಪೆಟ್. ಆದ್ರ ನೀವು ಇಳದು ಕರಕೊಂಡ ಹೋದ್ರಿ ನೋಡ್ರಿ, ಡೋಲ ಹೊಡಿಯಾಕತ್ತಾರ, ಮಂದಿ ಚೀರಾಕತ್ತಾರ, ಒಂದ್ ಸಲಾನೂ ಬೆದರಲಿಲ್ಲ. ಇಂಥಾದ ಹುಡುಕಾಕತ್ತಿದ್ದೆ ನಾ.”

ನಂದಿನಿಯ ಬೆರಳುಗಳು ಜೀನಿನ ಬಕ್ಕಲ್ಲಿನಲ್ಲೇ ನಿಂತವು. ತಾನು ಚಾಟಿ ಎತ್ತಿ ಹೊಡೆದಿದ್ದರೆ, ಅಥವಾ ಇಳಿಯದೆ ಮೂರನೆಯ ಸಲವೂ ನಿಲ್ಲಲು ಬಿಟ್ಟು ಹಾಗೇ ತಿರುಗಿ ಬಂದಿದ್ದರೂ ಸಾಕಿತ್ತು. ಮೆಲ್ಲಗೆ, ಪ್ರೀತಿಯಿಂದ, ಊರೆಲ್ಲ ನೋಡುವ ಹಾಗೆ ತಾನೇ ಅದನ್ನು ಮದುವೆಗೆ ತಯಾರು ಮಾಡಿ ತೋರಿಸಿದ್ದಳು. ಹಾಜಿಸಾಬ ಗೋದಿಯ ಕಾಲು ಸವರಿದ, ಹಲ್ಲು ನೋಡಿದ, ಎದ್ದು ನಿಂತು ಅವಳನ್ನೇ ಕೇಳಿದ:

“ಒಂದ್ ಮಾತು. ಕುದುರಿಗೆ ಒಳಗ ಏನರ ಐಬು ಐತೇನ್ರಿ? ದಮ್ಮು, ಕೀಲು, ಏನರ? ನೀವು ಹೇಳಿದ್ರ ಸಾಕು, ನಾ ಬ್ಯಾರೆ ಯಾರನ್ನೂ ಕೇಳಂಗಿಲ್ಲ.”

ಒಂದು ಸುಳ್ಳು ಸಾಕು. ಅದು ತಲೆಯಲ್ಲಿ ತಯಾರಾಗಿಯೇ ಇತ್ತು. ಹಿಂಗಾಲಿನ ಕೀಲಿನಲ್ಲಿ ಊತ, ಮೇಲೆ ಕಾಣುವುದಿಲ್ಲ, ವರ್ಷದೊಳಗೆ ಕುಂಟುತ್ತದೆ. ಡಾಕ್ಟರ ಮಾತು, ಹಾಜಿಸಾಬ ಸಲಾಂ ಮಾಡಿ ಹೋಗುತ್ತಾನೆ. ಕುಂಟುವ ಕುದುರೆಯನ್ನು ಅಮರಗುಂಡಪ್ಪ ಯಾರಿಗೂ ಮಾರಲಾರ, ಔಷಧ ಹಚ್ಚುವ ನೆಪದಲ್ಲಿ ಅವಳು ದಿನಾ ಹೋಗಬಹುದು. ಬಾಯಿ ತೆರೆದಳು. ಅಷ್ಟರಲ್ಲಿ ಅಮರಗುಂಡಪ್ಪ ಒಂದು ಹೆಜ್ಜೆ ಮುಂದೆ ಬಂದು, ಚನ್ನವೀರನೂ ಕೇಳುವ ಹಾಗೆ, ಗಂಟಲು ಸರಿಮಾಡಿಕೊಂಡು ಅಂದ:

“ಕೇಳು ಹಾಜಿಸಾಬ. ನಮ್ಮ ಡಾಕ್ಟ್ರು ಸುಳ್ಳು ಹೇಳಾವರಲ್ಲ. ಅವರ ಮಾತು ಅಂದ್ರ ನನ್ನ ಮಾತು ಇದ್ದಂಗ.”

ನಮ್ಮ ಡಾಕ್ಟ್ರು. ಚನ್ನವೀರ ಮೊದಲ ಬಾರಿಗೆ ಅವಳ ಮುಖ ನೋಡಿದ, ಕಣ್ಣು ತಪ್ಪಿಸದೆ, ಅವಳು ಏನು ಹೇಳುತ್ತಾಳೆ ಎಂದು ಕಾಯುವವನ ಹಾಗೆ. ಮೂವರೂ ಕಾಯುತ್ತಿದ್ದರು. ಮೈಯಲ್ಲಿ ಏನೋ ಬೆಚ್ಚಗೆ ಏರಿತು. ಅದು ಏನೆಂದು ತಿಳಿಯುವುದಕ್ಕೆ ಮೊದಲೇ ಅವಳ ಬಾಯಿಂದ ಮಾತು ಹೊರಟಿತ್ತು.

“ಇಲ್ರಿ. ಯಾವ ಐಬೂ ಇಲ್ಲ.”

ದನಿ ಗಟ್ಟಿಯಾಗಿತ್ತು, ನಡುಕವಿರಲಿಲ್ಲ. ಅಮರಗುಂಡಪ್ಪ ತಲೆಯಾಡಿಸಿದ, ಚನ್ನವೀರನೂ ತಲೆಯಾಡಿಸಿದ. ಆ ಬೆಚ್ಚನೆಯದು ಸಂತೋಷ ಎಂದು ಅವಳಿಗೆ ಆಗ ತಿಳಿಯಿತು. ಈ ಜನ ನನ್ನ ಮಾತು ನಂಬಿದರು ಎಂಬ ಸಂತೋಷ. ಅದಕ್ಕೆ ಕೊಟ್ಟದ್ದು ಏನೆಂದೂ ತಿಳಿಯಿತು. ತಿಳಿದ ಮೇಲೂ ಅದು ಒಂದು ಗಳಿಗೆ ಇಳಿಯದೆ ಮೈಯಲ್ಲೇ ನಿಂತಿತು, ಅದಕ್ಕಾಗಿ ತನ್ನನ್ನು ತಾನು ಯಾವತ್ತೂ ಕ್ಷಮಿಸಲಾರೆ ಅನ್ನಿಸಿತು. ಗೋದಿ ಅವಳ ಕುತ್ತಿಗೆಯ ಹಿಂದೆ ಬಿಸಿ ಉಸಿರು ಬಿಡುತ್ತಿತ್ತು. ಬಂದೇಸಾಬ ಪಿಕಪ್ಪನ್ನು ಹತ್ತಿರ ತಂದು ಹಲಗೆ ಇಳಿಸಿದ. ಇಲ್ಲಿಂದಲೇ ಹಾಜಿಸಾಬನ ಲಾಯಕ್ಕೆ ಬಿಡಬೇಕೆಂದು ಅಮರಗುಂಡಪ್ಪ ಅವನಿಗೆ ಹೇಳುತ್ತಿದ್ದ. ನಂದಿನಿ ಹಗ್ಗವನ್ನು ಹಾಜಿಸಾಬನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಮರ್ಯಾದೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

“ನೀವಾ ಹತ್ತಿಸಿ ಕೊಡ್ರಿ ಡಾಕ್ಟರಮ್ಮ. ನಿಮ್ಮ ಹಿಂದಾದ್ರ ಎಲ್ಲಿಗಿ ಬೇಕಾದ್ರೂ ಬರತೈತಿ.”

ಅವಳು ಹಲಗೆಯ ಮೇಲೆ ಕಾಲಿಟ್ಟಳು. ಹಗ್ಗ ಜಗ್ಗಬೇಕಾಗಲಿಲ್ಲ.